ಒಂದೇ ಕಾಡಿಗೆ ಮತ್ತೆ ಮತ್ತೆ ಹೋಗಲು ಬಿಡಿ: ಶಾಲೆಗಳ ಹಿರಿಯರಿಗೊಂದು ಬಹಿರಂಗ ಪತ್ರ

ಪಠ್ಯಕ್ರಮ ರೂಪಿಸುವವರಿಗೆ, ಶಿಕ್ಷಣ ಇಲಾಖೆಗಳ ಅಧಿಕಾರಿಗಳಿಗೆ, ಆಡಳಿತ ಮಂಡಳಿಗಳಿಗೆ ಮತ್ತು ಮುಖ್ಯೋಪಾಧ್ಯಾಯರಿಗೆ,

ಮಾನ್ಯರೇ,

ನಾನು ವಿಜ್ಞಾನ ಕಲಿಸುವ ಶಿಕ್ಷಕಿ. ನಿಮ್ಮ ಮುಂದೆ ಇಡುತ್ತಿರುವುದು ಮುಖ್ಯವಾಗಿ ಒಂದೇ ಬೇಡಿಕೆ. ವರ್ಷಕ್ಕೊಮ್ಮೆ ಮಕ್ಕಳನ್ನು ಬಸ್ಸಿಗೆ ಹತ್ತಿಸಿ ದೂರದ ಕಾಡು ತೋರಿಸಿಕೊಂಡು ಬರುವುದನ್ನು ಪರಿಸರ ಶಿಕ್ಷಣವೆಂದು ಲೆಕ್ಕಕ್ಕೆ ಹಿಡಿಯಬೇಡಿ. ಅದರ ಬದಲು ಶಾಲೆಯಿಂದ ನಡೆದು ಮುಟ್ಟಬಹುದಾದ ಒಂದು ತುಂಡು ಕಾಡಿಗೆ, ಪ್ರತಿ ಸಲವೂ ಅದೇ ಜಾಗಕ್ಕೆ, ಹದಿನೈದು ದಿನಕ್ಕೊಮ್ಮೆ ಹೋಗಿಬರಲು ವೇಳಾಪಟ್ಟಿಯಲ್ಲಿ ಎರಡು ಗಂಟೆ ಬಿಡಿಸಿ ಕೊಡಿ.

ನಾನೂ ಹಲವು ವರ್ಷ ಬಸ್ಸಿನಲ್ಲೇ ಕರೆದೊಯ್ದವಳು. ನಸುಕಿನಲ್ಲಿ ಹೊರಡುವುದು, ದಾರಿಯುದ್ದಕ್ಕೂ ಹಾಡು, ಕಾಡಿನ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿ ತಲೆ ಎಣಿಸುವುದು, ಮಾರ್ಗದರ್ಶಕರು ಹೇಳಿದ್ದನ್ನು ಬರೆದುಕೊಳ್ಳುವುದು, ಎಲ್ಲರೂ ಸೇರಿ ಒಂದು ಫೋಟೋ, ಸಂಜೆಗೆ ವಾಪಸ್. ಮರುದಿನ ಪ್ರಬಂಧ ಬರೆಸುತ್ತಿದ್ದೆ. ಒಂದು ವರ್ಷ ಐದನೆಯ ತರಗತಿಯ ಹುಡುಗನೊಬ್ಬ ಬಸ್ಸಿನ ಬಗ್ಗೆ ಒಂದಿಡೀ ಪುಟ ತುಂಬಿಸಿ, ಕಾಡಿನ ಬಗ್ಗೆ ಒಂದೇ ಸಾಲು ಬರೆದಿದ್ದ: ‘ಕಾಡಿನಲ್ಲಿ ಏನೂ ಇರಲಿಲ್ಲ.’ ಅವನು ಸುಳ್ಳು ಬರೆದಿರಲಿಲ್ಲ. ದೊಡ್ಡ ಪ್ರಾಣಿ ಯಾವುದಾದರೂ ಕಂಡೀತು ಎಂದು ದಿನವಿಡೀ ಕಾದಿದ್ದ, ಕಾಣಲಿಲ್ಲ. ಅವನ ಕಾಲಡಿಯಲ್ಲಿ ಇದ್ದದ್ದನ್ನು ನಾನು ತೋರಿಸಿರಲಿಲ್ಲ, ಏಕೆಂದರೆ ಆವರೆಗೆ ನಾನೂ ಬಗ್ಗಿ ನೋಡಿರಲಿಲ್ಲ.

ನಮ್ಮ ಪಠ್ಯಪುಸ್ತಕಗಳಲ್ಲಿ ಬರುವ ಚಿತ್ರವನ್ನು ನೆನಪಿಸಿಕೊಳ್ಳಿ. ಹುಲ್ಲನ್ನು ಜಿಂಕೆ ತಿನ್ನುತ್ತದೆ, ಜಿಂಕೆಯನ್ನು ಹುಲಿ ತಿನ್ನುತ್ತದೆ, ಬಾಣಗಳು ಒಂದರ ಹಿಂದೊಂದು ಸಾಗುತ್ತವೆ. ಪುಟದ ಮೂಲೆಯಲ್ಲಿ ಒಂದು ಅಣಬೆ, ಅದರ ಕೆಳಗೆ ‘ವಿಘಟಕಗಳು’ ಎಂಬ ಪದ. ಪರೀಕ್ಷೆಯಲ್ಲಿ ಅದಕ್ಕೊಂದು ಅಂಕ. ಚಿತ್ರ ತಪ್ಪಲ್ಲ, ಆದರೆ ಕಾಡಿನ ಮಟ್ಟಿಗೆ ಅದರ ಅಳತೆ ತಲೆಕೆಳಗಾಗಿದೆ. ಕಾಡಿನ ಮರಗಿಡಗಳು ವರ್ಷವಿಡೀ ಬೆಳೆಸಿಕೊಂಡದ್ದರಲ್ಲಿ ಹಸಿಯಾಗಿರುವಾಗಲೇ ಯಾವುದಾದರೂ ಪ್ರಾಣಿಯ ಹೊಟ್ಟೆ ಸೇರುವುದು, ಹೆಚ್ಚಿನ ಕಾಡುಗಳಲ್ಲಿ, ಹತ್ತನೇ ಒಂದು ಪಾಲಿನ ಆಸುಪಾಸು. ಉಳಿದದ್ದೆಲ್ಲ ಎಲೆಯಾಗಿ, ಕಡ್ಡಿಯಾಗಿ, ಬೇರಾಗಿ, ಕೊನೆಗೊಮ್ಮೆ ಇಡೀ ಮರವಾಗಿ ಸತ್ತು ನೆಲ ಸೇರುತ್ತದೆ. ಅದನ್ನು ಕರಗಿಸಿ ಉಣ್ಣುವ ಶಿಲೀಂಧ್ರ, ಬ್ಯಾಕ್ಟೀರಿಯಾ, ಗೆದ್ದಲು, ಸಹಸ್ರಪದಿ, ಎರೆಹುಳುಗಳದ್ದೇ ಕಾಡಿನ ದೊಡ್ಡ ಸಂಸಾರ. ಅವು ಕೆಲಸ ನಿಲ್ಲಿಸಿದರೆ ಸಾರಜನಕ, ರಂಜಕಗಳು ಸತ್ತ ಎಲೆಯೊಳಗೇ ಸಿಕ್ಕಿಬೀಳುತ್ತವೆ, ಬೇರಿಗೆ ದಕ್ಕುವುದಿಲ್ಲ, ಮರ ಸೊರಗುತ್ತದೆ. ಮೂಲೆಯ ಅಣಬೆ ಪುಟದ ನಡುವೆ ಇರಬೇಕಿತ್ತು. ಇದನ್ನು ನಾನು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದ್ದೇನೆ. ಮಕ್ಕಳು ಬರೆದುಕೊಂಡರು, ಪರೀಕ್ಷೆಯಲ್ಲಿ ಒಪ್ಪಿಸಿದರು, ಮರೆತರು.

ಕೊಳೆಯುವುದು ನಿಧಾನದ ಕೆಲಸ. ಒಂದು ದಿನದ ಪ್ರವಾಸದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಅದಕ್ಕಾಗಿಯೇ ಒಂದೇ ಜಾಗ ಎಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಜೀವಿಗಳು ಮತ್ತು ಅವುಗಳ ಸುತ್ತಲಿನ ಸಂಬಂಧಗಳ ಅಧ್ಯಯನಕ್ಕೆ ‘ಇಕಾಲಜಿ’ ಎಂಬ ಪದವನ್ನು 1866ರಲ್ಲಿ ಟಂಕಿಸಿದ ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ ಅದಕ್ಕೆ ‘ಮನೆ’ ಎಂಬ ಅರ್ಥದ ಗ್ರೀಕ್ ಪದವನ್ನು ಹಿಡಿದ. ಮನೆಯೊಂದರ ಒಳಗಿನ ಸಂಬಂಧಗಳು ಒಮ್ಮೆ ಬಂದು ಹೋದ ನೆಂಟರಿಗೆ ತಿಳಿಯುವುದಿಲ್ಲ. ಯಾರ ಮಾತು ನಡೆಯುತ್ತದೆ, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಸಂಸಾರದ ಭಾರ ಹೊತ್ತವರು ಯಾರು ಎಂಬುದೆಲ್ಲ ನಾಲ್ಕಾರು ಸಲ ಹೋಗಿ ಕುಳಿತ ಮೇಲೆ ಗೊತ್ತಾಗುವ ಸಂಗತಿ.

ನಾವು ಈಗ ನಡೆದು ಹೋಗುವ ಜಾಗದಲ್ಲಿ ಒಂದು ಮರ ಬಿದ್ದಿದೆ. ಹತ್ತು ಮಕ್ಕಳು ಸಾಲಾಗಿ ಕೂರುವಷ್ಟು ಉದ್ದ. ಮೊದಲ ದಿನವೇ ಒಬ್ಬ ಹುಡುಗಿ, ‘ಇದನ್ನು ಯಾಕೆ ಯಾರೂ ತೆಗೆದು ಹಾಕಿಲ್ಲ ಟೀಚರ್?’ ಎಂದು ಕೇಳಿದಳು. ಮುಂದಿನ ಸಲ ಬಂದಾಗ ನೋಡೋಣ ಎಂದೆ. ತೊಗಟೆಯ ಮೇಲೆ ಸೂಜಿ ಚುಚ್ಚಿದಂಥ ತೂತುಗಳಿದ್ದವು, ತೂತಿನ ಬಾಯಲ್ಲಿ ನಯವಾದ ಮರದ ಹುಡಿ. ಮೂರನೆಯ ಭೇಟಿಗೆ ಹುಡಿ ಹೆಚ್ಚಾಗಿತ್ತು. ಮುಂದೊಂದು ದಿನ ತೊಗಟೆಯ ಸಡಿಲ ಹಕ್ಕಳೆಯೊಂದು ತಾನಾಗಿ ಕಳಚಿ ಬಿದ್ದು, ಒಳಮೈಯಲ್ಲಿ ಯಾರೋ ಕೂತು ಕೆತ್ತಿದಂಥ ಚಿತ್ತಾರ ಕಾಣಿಸಿತು. ನಡುವೆ ಒಂದು ಗೆರೆ, ಅದರ ಎರಡೂ ಬದಿಗೆ ಹತ್ತಾರು ಕವಲು. ಮಕ್ಕಳು ಭೂತಗನ್ನಡಿ ಹಿಡಿದು ನೋಡಿದರು. ತರಗತಿಯಲ್ಲಿ ಬಾಯಿ ಬಿಡದ ಹುಡುಗನೊಬ್ಬ ಬಹಳ ಹೊತ್ತು ಬೆರಳಿನಿಂದ ಒಂದು ಕವಲನ್ನೇ ಸವರುತ್ತಿದ್ದ. ಆಮೇಲೆ ಹೇಳಿದ, ‘ಶುರುವಿನಲ್ಲಿ ಕಾಲುವೆ ಸಣ್ಣದಿದೆ, ತುದಿಗೆ ಹೋದಂತೆ ಅಗಲವಾಗಿದೆ. ತಿನ್ನುತ್ತಾ ತಿನ್ನುತ್ತಾ ಹುಳು ದಪ್ಪಗಾಗಿದೆ.’

ಅದು ಸರಿಯಾದ ಉತ್ತರ. ತಾಯಿ ದುಂಬಿ ನಡುವಿನ ಕಾಲುವೆ ಕೊರೆದು ಅಂಚಿನುದ್ದಕ್ಕೂ ಮೊಟ್ಟೆ ಇಡುತ್ತದೆ. ಮರಿಗಳು ಅಲ್ಲಿಂದ ಹೊರಮುಖವಾಗಿ ತಿನ್ನುತ್ತಾ ಹೋಗುತ್ತವೆ, ಬೆಳೆದಂತೆಲ್ಲ ಕಾಲುವೆ ಅಗಲವಾಗುತ್ತದೆ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಹುಡುಗ ಹುಳುವಿನ ಇಡೀ ಬಾಲ್ಯವನ್ನು ಒಂದು ಗೆರೆಯ ಅಗಲದಲ್ಲಿ ಓದಿದ್ದ. ಅವನ ಓದುವ ಪರೀಕ್ಷೆಯ ಅಂಕಗಳನ್ನು ನಾನು ಬಲ್ಲೆ, ಅವು ಕಡಿಮೆ. ಅವತ್ತಿನಿಂದ ಆ ಅಂಕಗಳ ಮೇಲೆ ನನಗಿದ್ದ ನಂಬಿಕೆ ಅಲುಗಾಡಿತು.

ಮಳೆ ಬಿದ್ದ ಮೇಲೆ ದಿಮ್ಮಿಯ ಬದಿಯಲ್ಲಿ ಗೂಡಿನ ಹಲಗೆಗಳಂತೆ ಅಣಬೆಗಳು ಎದ್ದವು. ಪಕ್ಕದಲ್ಲಿ ಇನ್ನೂ ಹಳೆಯದಾದ ಎರಡು ದಿಮ್ಮಿಗಳಿವೆ. ಒಂದು ಮಾಸಿದ ಬಿಳಿ ಬಣ್ಣಕ್ಕೆ ತಿರುಗಿ ನಾರು ನಾರಾಗಿ ಬಿಡಿಸಿಕೊಳ್ಳುತ್ತದೆ. ಇನ್ನೊಂದು ಕಡು ಕಂದು, ಚೌಕ ಚೌಕವಾಗಿ ಬಿರುಕು ಬಿಟ್ಟು ಹಿಡಿದರೆ ಪುಡಿಯಾಗುತ್ತದೆ. ಎರಡೂ ಕೊಳೆಯೇ, ಆದರೆ ಉಂಡವರು ಬೇರೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನೂ ಕರಗಿಸಬಲ್ಲ ಶಿಲೀಂಧ್ರಗಳು ಬಿಳಿ ನಾರನ್ನು ಬಿಟ್ಟು ಹೋಗುತ್ತವೆ. ಸೆಲ್ಯುಲೋಸನ್ನು ಮಾತ್ರ ಉಂಡು ಲಿಗ್ನಿನ್ನನ್ನು ಬಹುಪಾಲು ಹಾಗೆಯೇ ಬಿಡುವ ಶಿಲೀಂಧ್ರಗಳು ಕಂದು ಪುಡಿಯನ್ನು ಬಿಟ್ಟು ಹೋಗುತ್ತವೆ. ಹನ್ನೊಂದು ವರ್ಷದ ಮಕ್ಕಳು ಎರಡೂ ಅಂಗೈಗಳಲ್ಲಿ ಒಂದೊಂದನ್ನು ಹಿಡಿದು ಇದನ್ನು ಕಲಿತರು.

ವರ್ಷದ ಕೊನೆಗೆ, ಮೊದಲ ದಿನ ಪ್ರಶ್ನೆ ಕೇಳಿದ ಹುಡುಗಿ ತನ್ನ ಪುಸ್ತಕದಲ್ಲಿ ಆಹಾರ ಜಾಲದ ಚಿತ್ರ ಬರೆದಳು. ಪುಟದ ನಡುವೆ ಉದ್ದಕ್ಕೆ ದಿಮ್ಮಿ. ದುಂಬಿ, ಇರುವೆ, ಅಣಬೆ, ಮರಕುಟಿಗ, ಹಲ್ಲಿ, ಪಾಚಿಯ ಹಾಸಿನಲ್ಲಿ ಮೊಳೆತ ಎರಡೆಲೆಯ ಸಸಿ, ಎಲ್ಲದರ ಬಾಣಗಳೂ ಅಲ್ಲಿಗೆ ಬಂದು ಅಲ್ಲಿಂದಲೇ ಹೊರಡುತ್ತಿದ್ದವು. ಹುಲಿಯನ್ನು ಬಿಟ್ಟಿರಲಿಲ್ಲ, ಅದು ಬಲಗಡೆ ಮೂಲೆಯಲ್ಲಿ ಸಣ್ಣದಾಗಿ ಇತ್ತು. ನಾನು ಅದಕ್ಕೆ ಅಂಕ ಹಾಕಲಿಲ್ಲ.

ಒಂದೇ ಜಾಗಕ್ಕೆ ಮರಳಿ ಬರುವುದರ ಬೆಲೆಯನ್ನು ವಿಜ್ಞಾನ ಹಿಂದೆಯೇ ಕಂಡುಕೊಂಡಿದೆ. ಚಾರ್ಲ್ಸ್ ಡಾರ್ವಿನ್ 1842ರ ಡಿಸೆಂಬರಿನಲ್ಲಿ ತನ್ನ ಮನೆಯ ಹತ್ತಿರದ ಹೊಲವೊಂದರ ಮೇಲೆ ಸೀಮೆಸುಣ್ಣದ ಕಲ್ಲಿನ ಚೂರುಗಳನ್ನು ಹರಡಿಸಿದ. 29 ವರ್ಷ ಬಿಟ್ಟು 1871ರಲ್ಲಿ ಅಲ್ಲಿಯೇ ಕಂದಕ ತೋಡಿಸಿದ. ಚೂರುಗಳ ಬಿಳಿ ಸಾಲು ನೆಲಮಟ್ಟಕ್ಕಿಂತ ಏಳು ಅಂಗುಲ ಕೆಳಗಿತ್ತು. ಅವನ್ನು ಯಾರೂ ಹೂತಿರಲಿಲ್ಲ. ಎರೆಹುಳುಗಳು ಕೆಳಗಿನ ಮಣ್ಣನ್ನು ಒಂದೊಂದೇ ಹಿಕ್ಕೆಯಾಗಿ ಮೇಲಕ್ಕೆ ತಂದು ಹಾಕುತ್ತಾ ಹಾಕುತ್ತಾ ಕಲ್ಲುಗಳು ಕೆಳಗಿಳಿದಿದ್ದವು. ಶಾಲೆಯ ಮಕ್ಕಳಿಗೆ ಅಷ್ಟು ವರ್ಷ ಬೇಕಾಗಿಲ್ಲ. ಒಣಗಿಸಿ ತೂಗಿದ ಎಲೆಗಳನ್ನು ಎರಡು ಬಗೆಯ ಬಲೆಚೀಲಗಳಲ್ಲಿ ತುಂಬಿಸಿ, ಒಂದರ ಕಣ್ಣು ದೊಡ್ಡದು, ಇನ್ನೊಂದರದ್ದು ಎರೆಹುಳು ನುಸುಳಲಾರದಷ್ಟು ಚಿಕ್ಕದು, ತರಗೆಲೆಯ ಕೆಳಗೆ ಇಟ್ಟು ಬನ್ನಿ. ಎರಡು ತಿಂಗಳಿಗೊಮ್ಮೆ ಒಂದೊಂದು ಚೀಲ ತೆಗೆದು, ಮಣ್ಣು ಕೊಡವಿ, ಒಣಗಿಸಿ, ಮತ್ತೆ ತೂಗಿ. ಎರಡು ಚೀಲಗಳ ತೂಕದ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ದೊಡ್ಡ ಹುಳುಗಳ ಕೆಲಸ. ಇದರಲ್ಲಿ ವಿಜ್ಞಾನ ಇದೆ, ಗಣಿತ ಇದೆ, ತಾಳ್ಮೆ ಇದೆ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ಇನ್ನೊಂದು ಉಪಕರಣದ ಬಗ್ಗೆ ಹೇಳಲೇಬೇಕು. 1905ರಲ್ಲಿ ಇಟಲಿಯ ಕೀಟವಿಜ್ಞಾನಿ ಅಂಟೋನಿಯೋ ಬೆರ್ಲೀಸೆ ಒಂದು ಆಲಿಕೆಯ ಉಪಾಯ ಕಂಡುಹಿಡಿದ. ಆಲಿಕೆಯಲ್ಲಿ ಜಾಲರಿ ಇಟ್ಟು, ಅದರ ಮೇಲೆ ಒಂದು ಹಿಡಿ ಹಸಿ ತರಗೆಲೆ ಹರಡಿ, ಮೇಲಿನಿಂದ ಬಿಸಿ ಕೊಟ್ಟರೆ ಒಳಗಿನ ಜೀವಿಗಳು ಶಾಖ ಮತ್ತು ಒಣಗುವುದನ್ನು ತಪ್ಪಿಸಿಕೊಳ್ಳಲು ಕೆಳಕೆಳಗೆ ಇಳಿದು ಬಟ್ಟಲಿಗೆ ಬೀಳುತ್ತವೆ. ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಮಕ್ಕಳೇ ಇದನ್ನು ಮಾಡುತ್ತಾರೆ. ಎಲ್‌ಇಡಿ ಬಲ್ಬ್ ಅಷ್ಟು ಬಿಸಿಯಾಗುವುದಿಲ್ಲ, ಹಳೆಯ ಬಗೆಯ ಬಲ್ಬ್ ಬೇಕು, ಇಲ್ಲವೇ ಬಿಸಿಲಿಗೆ ಇಡಬೇಕು. ನಮ್ಮ ಮೊದಲ ಪ್ರಯತ್ನ ಇದೇ ಕಾರಣಕ್ಕೆ ಕೈಕೊಟ್ಟಿತು. ಬಟ್ಟಲಿನ ತಳದಲ್ಲಿ ಒದ್ದೆ ಕಾಗದ ಇಟ್ಟರೆ ಬಿದ್ದ ಜೀವಿಗಳು ಸಾಯುವುದಿಲ್ಲ, ನೋಡಿ ಮುಗಿದ ಮೇಲೆ ಅವುಗಳ ಜಾಗಕ್ಕೇ ಬಿಟ್ಟು ಬರಬಹುದು. ಎರಡನೆಯ ಸಲ ಒಂದು ರಾತ್ರಿ ಕಳೆದು ಬೆಳಗ್ಗೆ ನೋಡಿದರೆ ಬಟ್ಟಲಲ್ಲಿ ಸಾಸಿವೆಗಿಂತ ಚಿಕ್ಕ ನುಸಿಗಳು, ಹುಸಿಚೇಳೊಂದು, ಮತ್ತೆ ಸ್ಪ್ರಿಂಗ್‌ಟೇಲ್‌ಗಳು. ಹೊಟ್ಟೆಯಡಿ ಮಡಿಸಿಟ್ಟ ಕವೆಯನ್ನು ಚಿಮ್ಮಿ, ತಮ್ಮ ಮೈಯುದ್ದದ ಹತ್ತಾರು ಪಟ್ಟು ದೂರ ನೆಗೆಯುವ ಜೀವಿಗಳಿವು. ಬಟ್ಟಲ ಸುತ್ತ ಮೂವತ್ತು ತಲೆ ಬಾಗಿದ್ದವು, ಒಂದು ಮಾತಿಲ್ಲ. ‘ಏನೂ ಇರಲಿಲ್ಲ’ ಎಂದು ಬರೆದ ಹುಡುಗ ಆ ಹೊತ್ತಿಗೆ ಶಾಲೆ ಬಿಟ್ಟು ಹೋಗಿದ್ದ. ಅವನಿಗೆ ಇದನ್ನು ತೋರಿಸಲಾಗಲಿಲ್ಲ ಎಂಬ ಕೊರಗು ನನಗೆ ಈಗಲೂ ಇದೆ.

ಕಾಡಿನ ಬಗ್ಗೆ ಮಕ್ಕಳಿಗೆ ಹೇಳುವಾಗ ಬಣ್ಣ ಕಟ್ಟಬಾರದು ಎಂಬುದನ್ನೂ ಇಲ್ಲಿ ಸೇರಿಸುತ್ತೇನೆ. ನೆಲದಡಿಯ ಶಿಲೀಂಧ್ರಗಳ ಎಳೆಗಳು ಬಹುಪಾಲು ಗಿಡಮರಗಳ ಬೇರಿಗೆ ಹೆಣೆದುಕೊಂಡಿವೆ, ನೀರು ಮತ್ತು ಲವಣ ಕೊಟ್ಟು ಸಕ್ಕರೆ ಪಡೆಯುತ್ತವೆ. ಇದು ಖಚಿತ. ಆದರೆ ತಾಯಿಮರಗಳು ಈ ಎಳೆಗಳ ಮೂಲಕ ತಮ್ಮ ಮರಿಗಳಿಗೆ ಉಣಿಸುತ್ತವೆ, ಒಂದಕ್ಕೊಂದು ಸುದ್ದಿ ಕಳಿಸುತ್ತವೆ ಎಂಬ ಮಾತು ಬೇರೆ. 2023ರಲ್ಲಿ ಇದೇ ಕ್ಷೇತ್ರದ ವಿಜ್ಞಾನಿಗಳು ಪುರಾವೆಗಳನ್ನು ಮತ್ತೊಮ್ಮೆ ತೂಗಿ ನೋಡಿ, ಜನಪ್ರಿಯವಾಗಿರುವ ಆ ಮಾತುಗಳಿಗೆ ಕಾಡಿನಲ್ಲಿ ಸಾಕಷ್ಟು ಆಧಾರ ಸಿಕ್ಕಿಲ್ಲ ಎಂದರು. ಹಾಗಾಗಿ ನಾನು ಮಕ್ಕಳಿಗೆ ‘ಇಷ್ಟು ಗೊತ್ತಾಗಿದೆ, ಇಲ್ಲಿಂದಾಚೆ ಇನ್ನೂ ಚರ್ಚೆ ನಡೆದಿದೆ’ ಎಂದೇ ಹೇಳುತ್ತೇನೆ. ಅವರ ಕುತೂಹಲ ಅದರಿಂದ ಕಡಿಮೆಯಾದದ್ದನ್ನು ಕಂಡಿಲ್ಲ.

ಶಿಕ್ಷಕರ ಬಗ್ಗೆ ಒಂದು ಮಾತು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಲು ನನ್ನ ಸಹೋದ್ಯೋಗಿಗಳಲ್ಲಿ ಹಲವರು ಹಿಂಜರಿಯುವುದು ಸೋಮಾರಿತನದಿಂದಲ್ಲ, ಭಯದಿಂದ. ಮಗು ಒಂದು ಹುಳುವನ್ನು ತೋರಿಸಿ ಹೆಸರು ಕೇಳಿದರೆ, ಗೊತ್ತಿಲ್ಲವೆಂದರೆ ಮರ್ಯಾದೆ ಹೋದೀತು ಎಂಬ ಭಯ. ಈ ಭಯವನ್ನು ಬೆಳೆಸಿದ್ದು ನಮ್ಮ ತರಬೇತಿಯೇ. ಶಿಕ್ಷಕರ ತರಬೇತಿಯಲ್ಲಿ ನಾಲ್ಕು ದಿನದ ಭಾಷಣದ ಬದಲು ನಾಲ್ಕು ಬೆಳಗನ್ನು ಕಾಡಿನ ನೆಲದ ಮೇಲೆ ಕಳೆಯಲು ಕೊಡಿ. ‘ನನಗೂ ಗೊತ್ತಿಲ್ಲ, ಕಾಲು ಎಷ್ಟಿವೆ ಎಣಿಸೋಣ’ ಎಂದು ಧೈರ್ಯವಾಗಿ ಹೇಳಬಹುದು ಎಂಬುದನ್ನು ಅವರಿಗೆ ಅಧಿಕೃತವಾಗಿ ತಿಳಿಸಿ. ಎಣಿಸುವುದರಿಂದ ಎಷ್ಟೋ ದೂರ ಹೋಗಬಹುದು. ಆರು ಕಾಲಿದ್ದರೆ ಒಂದು ಬಳಗ, ಎಂಟಿದ್ದರೆ ಇನ್ನೊಂದು. ಪ್ರತಿ ಖಂಡಕ್ಕೆ ಒಂದು ಜೊತೆ ಕಾಲಿದ್ದರೆ ಶತಪದಿ, ಹೆಚ್ಚಿನ ಖಂಡಗಳಲ್ಲಿ ಎರಡೆರಡು ಜೊತೆಯಿದ್ದರೆ ಸಹಸ್ರಪದಿ. ಮೊದಲನೆಯದು ಬೇಟೆಗಾರ, ಎರಡನೆಯದು ಸಾಮಾನ್ಯವಾಗಿ ತರಗು ತಿನ್ನುವ ಸಾಧು. ಹೆಸರಿಗೆ ಮೊದಲು ಅದರ ಕಸುಬು ತಿಳಿದರೆ ನನಗೆ ಸಾಕು.

ಅಪಾಯದ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಪೋಷಕರು ಮಕ್ಕಳನ್ನು ನಂಬಿ ಕಳಿಸುತ್ತಾರೆ. ಕಾಡಿನ ಮೇಲ್ವಿಚಾರಣೆ ಯಾರದೋ ಅವರ ಅನುಮತಿ ಮೊದಲು ಬೇಕು. ದೊಡ್ಡ ಪ್ರಾಣಿಗಳ ಓಡಾಟ ಇರುವ ಕಾಡಿಗೆ ಶಾಲೆಯ ನಡಿಗೆ ಕೂಡದು. ಜೋರು ಗಾಳಿಯ ದಿನ ಹೋಗಬಾರದು, ಒಣಗಿದ ಕೊಂಬೆ ಬೀಳುವುದು ಅಂಥ ದಿನವೇ. ಜೇನುನೊಣ ಕಚ್ಚಿದರೆ ಯಾವ ಮಗುವಿಗೆ ಒಗ್ಗುವುದಿಲ್ಲ ಎಂಬುದು ಹೊರಡುವ ಮುನ್ನ ಗೊತ್ತಿರಬೇಕು. ಪಾದ ಪೂರ್ತಿ ಮುಚ್ಚುವ ಬೂಟು, ಕಾಲು ಮುಚ್ಚುವ ಬಟ್ಟೆ. ಕಣ್ಣಿಗೆ ಕಾಣದ ಕಡೆ ಕೈ ಹಾಕುವಂತಿಲ್ಲ, ಯಾವುದನ್ನೂ ಬಾಯಿಗೆ ಹಾಕುವಂತಿಲ್ಲ, ಅಣಬೆಯನ್ನಂತೂ ಸರ್ವಥಾ ಇಲ್ಲ. ದಿಮ್ಮಿಯನ್ನು ಹೊರಳಿಸುವುದು ದೊಡ್ಡವರ ಕೆಲಸ, ಅದೂ ತಮ್ಮ ಕಡೆಗೇ ಹೊರಳಿಸಬೇಕು. ಆಗ ಅಡಿಯಲ್ಲಿ ಏನಾದರೂ ಇದ್ದರೆ ಆಚೆ ಬದಿಯಿಂದ ಓಡುತ್ತದೆ, ನಮಗೂ ಅದಕ್ಕೂ ನಡುವೆ ದಿಮ್ಮಿ ಇರುತ್ತದೆ. ನೋಡಿ ಆದಮೇಲೆ ಮೊದಲಿದ್ದ ಹಾಗೆಯೇ ಇಡಬೇಕು, ಅದು ಯಾರದೋ ಮನೆಯ ಸೂರು. ಒಂದೇ ಜಾಗಕ್ಕೆ ಹೋಗುವುದರ ಇನ್ನೊಂದು ಲಾಭ ಇಲ್ಲಿದೆ: ಎಲ್ಲಿ ಜಾರುತ್ತದೆ, ಎಲ್ಲಿ ಕಣಜದ ಗೂಡಿದೆ ಎಂಬುದು ನಾಲ್ಕನೆಯ ಭೇಟಿಗೆ ಮಕ್ಕಳಿಗೇ ಬಾಯಿಪಾಠವಾಗಿರುತ್ತದೆ.

ಪಾಠದ ಸಮಯ ಹಾಳಾಗುತ್ತದೆ ಎನ್ನುವವರಿಗೆ ಕಣ್ಣಿನ ವೈದ್ಯರ ಒಂದು ಪ್ರಯೋಗವನ್ನು ನೆನಪಿಸಬೇಕು. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳ ಪೈಕಿ ಅರ್ಧದಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗಿನ ಚಟುವಟಿಕೆ ಕೊಟ್ಟರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೂರು ವರ್ಷಗಳಲ್ಲಿ ಅವರಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ಶೇ 30.4 ಮಕ್ಕಳಿಗೆ, ಎಂದಿನ ದಿನಚರಿಯಲ್ಲೇ ಇದ್ದ ಶಾಲೆಗಳಲ್ಲಿ ಶೇ 39.5 ಮಕ್ಕಳಿಗೆ. ನನ್ನ ವಾದ ಕಣ್ಣಿನದ್ದಲ್ಲ. ಆದರೆ ಮಗು ಬೆಳಕಿನಲ್ಲಿ ಕಳೆದ ಹೊತ್ತನ್ನು ನಷ್ಟದ ಲೆಕ್ಕದಲ್ಲಿ ಬರೆಯುವ ನಮ್ಮ ರೂಢಿ ಎಷ್ಟು ತಪ್ಪು ಎಂಬುದಕ್ಕೆ ಇದು ಸಾಕ್ಷಿ. ನಾನು ದಿನಕ್ಕೆ 40 ನಿಮಿಷವನ್ನೂ ಕೇಳುತ್ತಿಲ್ಲ.

ಇದು ಹೊಸ ಬೇಡಿಕೆಯೂ ಅಲ್ಲ. 1977ರ ಅಕ್ಟೋಬರಿನಲ್ಲಿ ಯುನೆಸ್ಕೋ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಜಾರ್ಜಿಯಾದ ಟಿಬಿಲಿಸಿಯಲ್ಲಿ ನಡೆಸಿದ ಸಮ್ಮೇಳನದಲ್ಲಿ ಸರ್ಕಾರಗಳ ಪ್ರತಿನಿಧಿಗಳು ಕುಳಿತು, ಪರಿಸರ ಶಿಕ್ಷಣದಲ್ಲಿ ಪ್ರಾಯೋಗಿಕ ಚಟುವಟಿಕೆಗೆ ಮತ್ತು ಸ್ವಂತ ಅನುಭವಕ್ಕೆ ಒತ್ತು ಕೊಡಬೇಕೆಂದು ಒಪ್ಪಿಕೊಂಡರು. ಅದಾದ ಮೇಲೆ ಹುಟ್ಟಿದ ಮಕ್ಕಳು ಇಂದು ಶಿಕ್ಷಕರಾಗಿದ್ದಾರೆ, ಪೋಷಕರಾಗಿದ್ದಾರೆ. ಅವರಲ್ಲಿ ಎಷ್ಟೋ ಜನ ಕೊಳೆತ ಎಲೆಯೊಂದನ್ನು ಎತ್ತಿ ಅದರ ಅಡಿಯನ್ನು ನೋಡಿಲ್ಲ.

ನಡೆದು ಹೋಗುವಷ್ಟು ಹತ್ತಿರ ಕಾಡಿಲ್ಲದ ಶಾಲೆಗಳು ಬಹಳ ಇವೆ. ಅವರಿಗೆ ಹಳೆಯ ಮರಗಳಿರುವ ಯಾವ ಮೂಲೆಯಾದರೂ ಆದೀತು, ಒಂದು ಷರತ್ತಿನ ಮೇಲೆ: ಅಲ್ಲಿ ಕಸಬರಿಗೆ ಆಡಬಾರದು. ಶಾಲೆಯ ಆವರಣದಲ್ಲಿ ಎಲೆ ಬಿದ್ದ ತಕ್ಷಣ ಗುಡಿಸಿ ರಾಶಿ ಹಾಕಿ ಬೆಂಕಿ ಕೊಡುವುದನ್ನು ನಾವು ಶುಚಿತ್ವ ಎಂದು ಮಕ್ಕಳಿಗೆ ಕಲಿಸುತ್ತಾ ಬಂದಿದ್ದೇವೆ. ಒಂದು ಮೂಲೆ ಬಿಡಿ. ಎರಡು ಮಾರು ಉದ್ದ, ಎರಡು ಮಾರು ಅಗಲ ಸಾಕು. ಎಲೆ ಬೀಳಲಿ, ಒಂದು ದಿಮ್ಮಿ ತಂದಿಡಿ. ಆ ಜಾಗವನ್ನು ಗುಡಿಸಬೇಡಿ ಎಂದು ಲಿಖಿತವಾಗಿ ಆದೇಶಿಸಿ. ಇಲ್ಲವಾದರೆ ಯಾರಾದರೂ ಅತಿಥಿ ಬರುವ ಹಿಂದಿನ ದಿನ ಅದು ಖಂಡಿತ ಸ್ವಚ್ಛವಾಗುತ್ತದೆ. ನನ್ನ ಅನುಭವದಲ್ಲಿ ಎರಡು ಸಲ ಹಾಗಾಗಿದೆ, ಎರಡು ಸಲವೂ ಮಕ್ಕಳು ಅತ್ತಿದ್ದಾರೆ.

ಕೊನೆಯದಾಗಿ ಒಂದು ವಿನಂತಿ. ದಯವಿಟ್ಟು ಈ ಎರಡು ಗಂಟೆಗೆ ಅಂಕ ಇಡಬೇಡಿ, ಚಿತ್ರಕಲಾ ಸ್ಪರ್ಧೆ ಜೋಡಿಸಬೇಡಿ, ಘೋಷಣೆ ಕೂಗಿಸಬೇಡಿ. ಮಕ್ಕಳ ಕೈಯಲ್ಲಿ ಒಂದು ಪುಸ್ತಕ ಇರಲಿ, ನೋಡಿದ್ದನ್ನು ತಾರೀಖು ಹಾಕಿ ಬರೆಯಲಿ. ಕೆಲವು ದಿನ ಎರಡೇ ಸಾಲು ಇರುತ್ತದೆ. ತಪಾಸಣೆಗೆ ಬಂದ ಅಧಿಕಾರಿಗಳಿಗೆ ಆ ಎರಡು ಸಾಲು ಸಾಲದು ಅನ್ನಿಸಿದರೆ, ಬರೆದ ಮಗುವನ್ನೇ ಕರೆದು ಅದರ ಬಗ್ಗೆ ಕೇಳಲಿ.

ನಿಮ್ಮಲ್ಲಿ ಯಾರಾದರೂ ನಮ್ಮ ಮುಂದಿನ ನಡಿಗೆಗೆ ಬರುವುದಾದರೆ ಮಕ್ಕಳಿಗೆ ಸಂತೋಷವಾಗುತ್ತದೆ. ಸ್ವಾಗತ ಭಾಷಣ ಇರುವುದಿಲ್ಲ. ಮಣ್ಣಾದರೂ ಚಿಂತೆಯಿಲ್ಲದ ಬಟ್ಟೆ ಹಾಕಿಕೊಳ್ಳಿ, ಮೊಣಕಾಲೂರಿ ಕೂರಬೇಕಾಗುತ್ತದೆ. ದಿಮ್ಮಿಯ ಎಡಗಡೆಯ ತುದಿಯಲ್ಲಿ ಮೊಳೆತ ಸಸಿಗೆ ಈಗ ಆರನೆಯ ಎಲೆ ಬಂದಿದೆ. ಆ ಕಡೆ ಕಾಲಿಡದಂತೆ ಮಕ್ಕಳು ಕಡ್ಡಿ ನೆಟ್ಟು ಗುರುತು ಮಾಡಿದ್ದಾರೆ, ದಾಟಿ ಬರುವಾಗ ನೋಡಿಕೊಂಡು ಬನ್ನಿ.

ಇಂತಿ,
ನಿಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕಿ